ನೀರು ನೋಡುವುದು

"ಆಗಲ್ಲ" ಅಂದುಬಿಟ್ಟಿದ್ದ ಕದಿರಪ್ಪ. ಅಷ್ಟು ಸಲೀಸಾಗಿ ಆ ಮಾತು ಬಾಯಿಂದ ಬಿದ್ದದ್ದಕ್ಕೆ ಅವನಿಗೇ ದಿಗಿಲಾಯಿತು. ದಡದ ಮೇಲೆ ನೆರೆದಿದ್ದ ಊರವರು, ಬಸ್ಸಿನಿಂದ ಹಾರಿ ಓಡಿಬಂದು ಒದ್ದೆಬಟ್ಟೆಯಲ್ಲಿ ನಡುಗುತ್ತಿದ್ದ ಪ್ರಯಾಣಿಕರು, ಸ್ಟೀರಿಂಗು ಇನ್ನೂ ಎದುರಿಗಿದೆಯೇನೋ ಎಂಬಂತೆ ಕೈ ಚಾಚಿಕೊಂಡು ಕೂತಿದ್ದ ಡ್ರೈವರ್ ಓಬಣ್ಣ, ಎಲ್ಲರೂ ತಲೆಯಾಡಿಸಿದರು. "ಅವನೇ ಆಗಲ್ಲ ಅಂದ್ಮೇಲೆ ಇನ್ಯಾರ ಕೈಲಾಯ್ತದೆ ಬಿಡ್ರಪ್ಪ" ಎಂದರು ಊರ ಹಿರಿಯ ನರಸಿಂಹಯ್ಯ. ಆ ಸೀಮೆಯಲ್ಲಿ ಹರಿಗೋಲು ಇದ್ದದ್ದು ಕದಿರಪ್ಪನೊಬ್ಬನ ಮನೆಯಲ್ಲಿ. ಹುಟ್ಟು ಹಿಡಿದು ನೀರಿಗಿಳಿಯಬಲ್ಲ ಗಂಡಸರು ಇಬ್ಬರೇ. ಒಬ್ಬ ಇವನು, ಇನ್ನೊಬ್ಬ ಅಲ್ಲಿ ಹೊಳೆಯ ನಡುವೆ ಎಮ್ಮೆಬಂಡೆಯ ಮೇಲೆ ನಿಂತಿದ್ದ ಉಗ್ರಪ್ಪ, ಇವನ ಹೆಂಡತಿಯ ತಮ್ಮ. ಹಾಗಾಗಿ ಇವನು ಆಗಲ್ಲ ಅಂದರೆ ಆಗಲ್ಲ. ಅದನ್ನು ತೂಗಿ ನೋಡುವವರು ಯಾರೂ ಇರಲಿಲ್ಲ. ತನ್ನ ಮಾತನ್ನು ಜನ ಇಷ್ಟು ಬೇಗ ನಂಬಿಬಿಟ್ಟರಲ್ಲ ಎಂಬುದೇ ಅವನನ್ನು ಚುಚ್ಚತೊಡಗಿತು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಬೆಳಗಿನ ಮೊದಲ ಬಸ್ಸು ಅದು. ಅಲ್ಲಿ ಪೆನ್ನಾರಿಗೆ ಸೇತುವೆಯಿಲ್ಲ, ಬೇಕು ಅಂತ ಯಾರಿಗೂ ಅನ್ನಿಸಿಯೂ ಇರಲಿಲ್ಲ; ವರ್ಷವೆಲ್ಲ ಒಣಗಿದ ಮರಳಿನ ಮೇಲೆಯೇ ಬಸ್ಸು ದಾಟುತ್ತಿತ್ತು. ಇವತ್ತು ಮಾತ್ರ ನಡುಹೊಳೆಯಲ್ಲಿ ಚಕ್ರ ಹೂತುಕೊಂಡಿದ್ದ ಹೊತ್ತಿಗೆ, ನೆತ್ತಿಯ ಮೇಲೆ ಒಂದು ಮೋಡವೂ ಇಲ್ಲದ ಬೆಳಗಿನಲ್ಲಿ, ಮೇಲೆಲ್ಲೋ ಸುರಿದ ಮಳೆಯ ನೀರು ಕೆಂಪಗೆ ಬಂದುಬಿಟ್ಟಿತ್ತು. ಎಲ್ಲರೂ ಓಡಿದರು. ಹಿಂದಿನ ಸೀಟಿನಲ್ಲಿ ಮುತ್ಯಾಲಮ್ಮ ಎಂಬ ಮುದುಕಿ ಉಳಿದುಹೋದಳು. ಕಂಡಕ್ಟರಾಗಿದ್ದ ಉಗ್ರಪ್ಪ ಅವಳಿಗಾಗಿ ತಿರುಗಿ ಹೋದ. ಅವಳನ್ನು ಎತ್ತಿಕೊಂಡು ಬರುವಷ್ಟರಲ್ಲಿ ದಡದ ಕಡೆಯ ದಾರಿ ಮುಚ್ಚಿತ್ತು. ಹರಿವಿನ ಕೆಳಗಿದ್ದ ಎಮ್ಮೆಬಂಡೆಯನ್ನೇ ಹತ್ತಿದರು. ಬಸ್ಸು ಈಗ ಮಗ್ಗುಲಾಗಿ ಬಿದ್ದಿತ್ತು. ಮೇಲೆ ಕಟ್ಟಿದ್ದ ಗೋಣಿಚೀಲಗಳು ಒಂದೊಂದಾಗಿ ಕಳಚಿಕೊಂಡು ತೇಲಿಹೋಗುತ್ತಿದ್ದವು.

ಹೊಳೆ ಬಂತು ಎಂದು ಊರೆಲ್ಲ ಕೂಗಿದಾಗ ಕದಿರಪ್ಪನ ಎದೆ ಹಿಗ್ಗಿತ್ತು. ಅದು ನಿಜ. ಹಾಸಿಗೆಯಿಂದೆದ್ದು ಬರಿಗಾಲಲ್ಲಿ ಓಡಿಬಂದಿದ್ದ, ಮದುವೆಗೆ ಹೊರಟ ಹುಡುಗನ ಹಾಗೆ. ಬಂಡೆಯ ಮೇಲೆ ನಿಂತಿರುವವನು ಉಗ್ರಪ್ಪ ಎಂದು ಯಾರೋ ಹೇಳಿದ ಮೇಲೂ ಆ ಹಿಗ್ಗು ತಕ್ಷಣ ಇಳಿಯಲಿಲ್ಲ. ಅದನ್ನು ಈಗ ನೆನೆದರೆ ಮೈ ಹಿಡಿಯಾಗುತ್ತಿತ್ತು. ಹೋದ ವಾರ ಕಲ್ಯಾಣದುರ್ಗದ ಸಂತೆಯ ದಿನ, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ, ಸೆಟ್ಟೂರಿನ ಕಡೆಯವರು ನಾಲ್ಕು ಜನ ಕಾಫಿ ಕುಡಿಯುತ್ತಿದ್ದಾಗ ಇದೇ ಉಗ್ರಪ್ಪ ಇವನ ಭುಜದ ಮೇಲೆ ಕೈಹಾಕಿ, "ನಮ್ಮ ಭಾವನ್ನ ನೋಡ್ಕಳಿ. ಅನಂತಪುರ ಜಿಲ್ಲೆಗೇ ದೊಡ್ಡ ಅಂಬಿಗ. ನೀರೊಂದಿಲ್ಲ, ಅಷ್ಟೇ" ಅಂದಿದ್ದ. ಹೋಟೆಲಿಗೆ ಹೋಟೆಲೇ ನಕ್ಕಿತು. ಇವನೂ ನಕ್ಕ. ನಗುವಾಗ ಬಾಯಲ್ಲಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿ, ಅದನ್ನು ಒರೆಸಿಕೊಳ್ಳುವುದನ್ನು ಕಂಡು ಅವರು ಇನ್ನಷ್ಟು ನಕ್ಕರು. ಉಗ್ರಪ್ಪನದು ಕೆಟ್ಟ ಬಾಯಲ್ಲ, ಬಸ್ಸಿನಲ್ಲಿ ದಿನವೂ ನೂರು ಜನರೊಡನೆ ಆಡಿ ಆಡಿ ಹರಿತವಾದ ಬಾಯಿ. ಅದು ಗೊತ್ತಿದ್ದೂ ಆ ನಗು ಕದಿರಪ್ಪನ ಜೊತೆ ಮನೆಗೆ ಬಂತು, ಊಟಕ್ಕೆ ಕೂತಿತು, ಕಡಲೇಕಾಯಿ ಹೊಲದ ಸಾಲುಗಳಲ್ಲಿ ಅವನ ಹಿಂದೆ ಹಿಂದೆಯೇ ಬಂತು. ಸುಳ್ಳಾಗಿದ್ದರೆ ಮರೆಯುತ್ತಿದ್ದನೋ ಏನೋ. ತುಂಗಭದ್ರೆಯ ಮೇಲೆ ಹರೆಯವನ್ನೆಲ್ಲ ಕಳೆದು, ಅಂಬಿಗರ ಮನೆಯ ಹೆಣ್ಣನ್ನೇ ಕಟ್ಟಿಕೊಂಡು, ಅಣೆಕಟ್ಟು ಬಂದು ದಾಟುವ ಕಡವೇ ಮುಳುಗಿದ ಮೇಲೆ, ಲಾರಿಯ ಮೇಲೆ ಹರಿಗೋಲು ಹೇರಿಕೊಂಡು ಈ ಒಣ ಸೀಮೆಯ ತನ್ನೂರಿಗೆ ವಾಪಸು ಬಂದವನು ಅವನು. ವರ್ಷಕ್ಕೊಮ್ಮೆ ಅದರ ತೊಗಲು ನೆನೆಸಿ, ಎಣ್ಣೆ ತೀಡಿ, ಡಾಂಬರು ಬಳಿಯುತ್ತಿದ್ದ. ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಅದರಡಿಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

ಹೆಂಡತಿ ಚಿನ್ನಕ್ಕ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಜನರೇ ದಾರಿ ಬಿಟ್ಟರು. ಅವಳು ಅಳಲಿಲ್ಲ, ಬಂಡೆಯ ಕಡೆ ಕೈಚಾಚಿ ಕೂಗಲೂ ಇಲ್ಲ. ತಾಯಿ ಸತ್ತ ಮೇಲೆ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡನ ಪಕ್ಕದಲ್ಲಿ ಬಂದು ನಿಂತು, ಅವನಿಗೊಬ್ಬನಿಗೇ ಕೇಳುವಂತೆ, "ಆಗಲ್ಲ ಅಂದ್ಯಂತೆ" ಎಂದಳು.

"ಎಂಗಾಯ್ತದೆ? ನೋಡು ಆ ಸೆಳವ. ಬಸ್ಸನ್ನೇ ಮಗುಚೈತೆ."

"ನೋಡ್ದೆ."

"ಮತ್ತೆ?"

"ನಾ ನೋಡ್ದೆ. ನೀನು ನೋಡಿಲ್ಲ ಕಣಯ್ಯ. ಬಂದಾಗಿಂದ ನೀನು ಅವನ್ನೇ ನೋಡ್ತಿದ್ದೀಯ. ನೀರಿನ ಕಡೆ ಒಂದ್ಸಲಾನೂ ತಿರುಗಿಲ್ಲ."

ಅವಳ ದನಿಯಲ್ಲಿ ದೂರಿರಲಿಲ್ಲ. ಸಾರಿಗೆ ಉಪ್ಪು ಹಾಕಿಲ್ಲ ಎಂದು ಹೇಳುವ ಹಾಗೆ ಹೇಳಿದ್ದಳು. ನೀರು ನೋಡುವುದನ್ನು ಕದಿರಪ್ಪನಿಗೆ ಕಲಿಸಿದವನು ಅವಳ ಅಪ್ಪ. ಹುಟ್ಟು ಮುಟ್ಟಲು ಬಿಡದೆ ಒಂದು ಮಳೆಗಾಲವಿಡೀ ದಡದ ಮೇಲೆ ಕೂರಿಸಿ, ಎಲ್ಲಿ ನೀರು ನುಣ್ಣಗೆ ಉಬ್ಬುತ್ತದೋ ಅಲ್ಲಿ ಕೆಳಗೆ ಕಲ್ಲು, ಎಲ್ಲಿ ನೊರೆ ಹಿಂದಕ್ಕೆ ಹೊರಳುತ್ತದೋ ಅಲ್ಲಿ ಮಡು, ಎಲ್ಲಿ ನಾಲಿಗೆಯ ಹಾಗೆ ಕರ್ರಗೆ ಚಾಚಿಕೊಂಡು ಹೋಗುತ್ತದೋ ಅದೊಂದೇ ದಾರಿ ಎಂದು ಹೇಳಿಸಿದ್ದ. ಆಗ ದಡದ ಮೇಲೆ ಪಕ್ಕದಲ್ಲಿ ಈ ಹುಡುಗಿಯೂ ಇರುತ್ತಿದ್ದಳು. ಇವನು ತಪ್ಪು ಹೇಳಿದಾಗ ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು, ನಗುವುದು ಕಾಣದಿರಲೆಂದು.

ಅಷ್ಟರಲ್ಲಿ ರೊದ್ದಂ ಕಡೆಯಿಂದ ಸೈಕಲ್ಲಿನಲ್ಲಿ ಬಂದವನೊಬ್ಬ ಮೇಲಿನ ಕೆರೆಯೊಂದರ ಕಟ್ಟೆ ಜಿನುಗುತ್ತಿದೆಯಂತೆ, ಒಡೆದರೂ ಒಡೆಯಬಹುದಂತೆ ಎಂದ. ಯಾವ ಕೆರೆ ಎಂದರೆ ಅವನಿಗೆ ಗೊತ್ತಿಲ್ಲ. ಒಡೆದರೆ ಎಮ್ಮೆಬಂಡೆ ಉಳಿಯುವುದಿಲ್ಲ. ಅದನ್ನು ಹೇಳಲು ಅಂಬಿಗನೇ ಬೇಕಾಗಿರಲಿಲ್ಲ.

ಕದಿರಪ್ಪ ಹೊಳೆಯ ಕಡೆ ತಿರುಗಿದ. ಬಂಡೆಯ ಮೇಲಿನ ಆಕಾರವನ್ನು ಕಣ್ಣಿನಿಂದ ಬಿಡಿಸಿಕೊಳ್ಳಲು ತುಂಬ ಕಷ್ಟಪಟ್ಟ. ಅದು ಬಿಟ್ಟ ಮೇಲೆ ನೀರು ನಿಧಾನವಾಗಿ ಕಾಣಿಸಿಕೊಂಡಿತು. ಮೇಲಿನ ತಿರುವಿನಲ್ಲಿ ಎರಡು ಕಲ್ಲುಗಳ ನಡುವೆ ಒಂದು ನಾಲಿಗೆ ಇತ್ತು. ಅದರ ಕೆಳಗೆ ಬಸ್ಸಿನಿಂದಾಗಿ ನೀರು ಒಡೆದು, ಆಳೆತ್ತರದ ಅಲೆ ನಿಂತಲ್ಲೇ ನಿಂತು ಕುದಿಯುತ್ತಿತ್ತು. ಅದರ ಎಡಕ್ಕೆ ಒಂದು ಹರಿಗೋಲು ಹಿಡಿಸುವಷ್ಟು ಸಂದು. ಅಲ್ಲಿಂದ ಮುಂದೆ ಬಲಕ್ಕೆ ಜೀವಬಿಟ್ಟು ಎಳೆದರೆ ಎಮ್ಮೆಬಂಡೆಯ ಬೆನ್ನಹಿಂದೆ ನೀರು ಸತ್ತು ನಿಂತಿತ್ತು. ಎಳೆಯುವುದು ಒಂದು ಕ್ಷಣ ತಡವಾದರೆ ಬಂಡೆಯನ್ನು ಬಿಟ್ಟು ಸೀದಾ ಕೆಳಗಿನ ಕಲ್ಲುಗಾಡಿಗೆ. ಆಗುತ್ತದೆ ಎನ್ನಬಹುದಿತ್ತು, ಆಗುವುದಿಲ್ಲ ಎಂದೂ ಅನ್ನಬಹುದಿತ್ತು. ಸ್ವಲ್ಪ ಕಾಯುವುದು ಜಾಣತನ ಎಂದು ಅವನ ಮೈ ಹೇಳಿತು. ಹೇಳುತ್ತಿರುವುದು ಮೈಯೋ ಆ ಹೋಟೆಲಿನ ನಗುವೋ ಎಂದು ತಿಳಿಯುವ ದಾರಿ ಅವನಿಗಿರಲಿಲ್ಲ. ನೀರನ್ನೇನೋ ನೋಡಬಹುದು, ತನ್ನನ್ನು ನೋಡಿಕೊಳ್ಳಲು ಯಾವ ದಡದ ಮೇಲೆ ಕೂರುವುದು?

"ಹರಿಗೋಲು ತರ್ರಿ" ಎಂದ.

ಚಿನ್ನಕ್ಕ ಆಗಲೇ ಸೀರೆಯನ್ನು ಕಚ್ಚೆ ಹಾಕಿ ಬಿಗಿಯುತ್ತಿದ್ದಳು. "ಹೆಣ್ಣೆಂಗ್ಸು ನೀನೆಲ್ಲಿಗಮ್ಮ?" ಎಂದರು ನರಸಿಂಹಯ್ಯ. "ಎರಡನೇ ಹುಟ್ಟು ಯಾರು ಹಿಡೀತೀರ ಸ್ವಾಮಿ? ನೀವು ಬತ್ತೀರಾ?" ಎಂದಳು. ಅವರು ಹಿಂದಕ್ಕೆ ಸರಿದು ದಾರಿ ಬಿಟ್ಟರು.

ಜನ ಹರಿಗೋಲನ್ನು ಹೊತ್ತು ದಡದುದ್ದಕ್ಕೂ ಮೇಲಕ್ಕೆ, ತಿರುವಿನಾಚೆಗೆ ತಂದಿಟ್ಟರು. ಡಾಂಬರಿಗೆ ಕೋಳಿಪುಕ್ಕ ಅಂಟಿತ್ತು. ಯಾರೋ ಅದನ್ನು ಕಿತ್ತರು, ಯಾರೂ ನಗಲಿಲ್ಲ. ನೀರಿಗಿಟ್ಟ ತಕ್ಷಣ ಅದು ಹಗುರಾಗಿ ಕಾಲಡಿಯಲ್ಲಿ ತಿರುಗಿ, ಇಷ್ಟು ವರ್ಷ ಮಣ್ಣಿನ ಮೇಲೆ ನಡೆದು ಗಟ್ಟಿಯಾಗಿದ್ದ ಅವನ ಮೊಣಕಾಲುಗಳು ತಾವಾಗಿಯೇ ಮಡಿಚಿಕೊಂಡವು. ಇಬ್ಬರೂ ಮುಂದಿನ ಅಂಚಿಗೆ ಅಕ್ಕಪಕ್ಕ ಕುಕ್ಕರುಗಾಲಲ್ಲಿ ಕೂತರು. ದಡ ಹಿಂದಕ್ಕೆ ಓಡಿತು. ಜನರ ಕೂಗು ಕೇಳುತ್ತಿದ್ದದ್ದು ನಿಂತು ಹೊಳೆಯ ಸದ್ದೊಂದೇ ಉಳಿಯಿತು. ನಾಲಿಗೆಯ ಮೇಲೆ ಸರಿಯಾಗಿಯೇ ಬಂದರು. ಆಮೇಲೆ ನಡೆದದ್ದು ಅವನು ನೋಡಿಟ್ಟುಕೊಂಡಂತೆ ನಡೆಯಲಿಲ್ಲ. ದಡದಿಂದ ಕಂಡ ಅಲೆಗಿಂತ ಎದುರಿಗೆ ಬಂದ ಅಲೆ ದೊಡ್ಡದಿತ್ತು. ಸಂದು ಅವನೆಣಿಸಿದ್ದಕ್ಕಿಂತ ಕಿರಿದಾಗಿತ್ತು. ಹರಿಗೋಲು ಬಸ್ಸಿನ ಮೂಲೆಗೆ ಉಜ್ಜಿ, ಬಿದಿರು ಲಟಕ್ಕೆಂದು, ಸುತ್ತ ತಿರುಗಿ ನೀರೆಲ್ಲ ಒಳಗೆ ಬಂತು. ಆಗಲ್ಲ ಅಂದದ್ದೇ ಸರಿ ಎಂದು ಅವನ ತಲೆಯೊಳಗೆ ಯಾರೋ ಸಮಾಧಾನದಿಂದ ಹೇಳಿದರು. ಸಾಯುವ ಹೊತ್ತಿನಲ್ಲೂ ತಾನು ಗೆದ್ದೆನೆಂಬ ಈ ಸಮಾಧಾನ ಎಂಥ ಅಸಹ್ಯದ್ದು ಎಂದು ಅನ್ನಿಸುವಷ್ಟರಲ್ಲಿ ಎಮ್ಮೆಬಂಡೆ ಎದುರಿಗಿತ್ತು.

ಅದರ ಮೇಲೆ ಉಗ್ರಪ್ಪ ಎರಡೂ ಕೈಯೆತ್ತಿ ಬೀಸುತ್ತಿದ್ದ. ಖಾಕಿ ಅಂಗಿ ಮೈಗೆ ಅಂಟಿತ್ತು. ಬಾಯಿ ತೆರೆದು ಮುಚ್ಚುತ್ತಿತ್ತು, ಸದ್ದು ಕೇಳಿಸುತ್ತಿರಲಿಲ್ಲ. ಈಗ ಎಳೆಯಬೇಕು, ಬಲಕ್ಕೆ. ಕದಿರಪ್ಪನ ಹುಟ್ಟು ನೀರಿನಲ್ಲಿತ್ತು, ಎಳೆಯಲಿಲ್ಲ. ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಒಂದು ಉಸಿರಿನ ಹೊತ್ತು ಹಾಗೇ ಇದ್ದರೆ ಸೆಳವು ತಾನಾಗಿ ಬಂಡೆ ದಾಟಿಸಿಬಿಡುತ್ತಿತ್ತು. ಪಾಪ, ಪ್ರಯತ್ನ ಮಾಡಿದ, ಹೊಳೆ ಬಿಡಲಿಲ್ಲ ಎಂದು ಕಲ್ಯಾಣದುರ್ಗದವರೆಗೂ ಜನ ಹೇಳುತ್ತಿದ್ದರು. ಇದನ್ನು ಅವನು ಯೋಚಿಸಿದನೆಂದು ಹೇಳುವುದೂ ಹೆಚ್ಚಾದೀತು, ಕೈ ಯೋಚಿಸಿತು. ಪಕ್ಕದಲ್ಲಿ ಚಿನ್ನಕ್ಕ ಒಬ್ಬಳೇ ಎಳೆಯುತ್ತಿದ್ದಳು. ಅವಳ ಕತ್ತಿನ ನರ ಉಬ್ಬಿತ್ತು. ಅವಳು ಅವನ ಕಡೆ ತಿರುಗಿ ನೋಡಲಿಲ್ಲ, ಬೈಯಲಿಲ್ಲ. "ಎಳಿ" ಎಂದಳು, ಹಗ್ಗ ಎಳಿ, ಕೊಡ ಎಳಿ ಅನ್ನುವ ಹಾಗೆ. ಅವನು ಎಳೆದ. ತೋಳು ಕೀಲು ತಪ್ಪುವ ಹಾಗೆ ಎಳೆದ. ಹರಿಗೋಲು ಬಂಡೆಯ ಬಾಲಕ್ಕೆ ತಗುಲಿ, ಗಿರಕಿ ಹೊಡೆದು, ಅದರ ಹಿಂದಿನ ಸತ್ತ ನೀರಿನಲ್ಲಿ ಬಂದು ನಿಂತಿತು. ಉಗ್ರಪ್ಪ ಹಾರಿ ಅಂಚು ಹಿಡಿದುಕೊಂಡ.

"ಹುಚ್ಚೇನ್ ಭಾವ ನಿಂಗೆ?" ಅವನು ಕೂಗಿದ್ದು ಅದೇ. "ಬರ್ಬ್ಯಾಡ ಬರ್ಬ್ಯಾಡ ಅಂತ ಅಷ್ಟೊತ್ತಿಂದ ಕೈ ಬೀಸ್ತಾ ಇವ್ನಿ! ಅಕ್ಕನ್ ಬೇರೆ ಕರ್ಕಂಡ್ ಬಂದ್ಬುಟ್ಟಿದ್ದೀಯಲ್ಲ! ಈ ನೀರಿಗೆ ಯಾವನಾದ್ರೂ ಇಳೀತಾನಾ?"

ಕದಿರಪ್ಪ ಬಂಡೆಯ ಮೇಲೆ ತೆವಳಿ ಬಂದು ಕೂತ. ಮುದುಕಿ ಮುತ್ಯಾಲಮ್ಮ ಮೊಣಕಾಲು ತಬ್ಬಿಕೊಂಡು ಕೂತಲ್ಲಿಂದಲೇ ಅವನನ್ನು ಮೇಲಿಂದ ಕೆಳಗೆ ನೋಡಿ, "ಈಯನೇನಾ ಮೀ ಬಾವ? ರಾಡು ಅನ್ನಾವು ಗದಾ?" ಎಂದು ಉಗ್ರಪ್ಪನನ್ನು ತೆಲುಗಿನಲ್ಲಿ ಕೇಳಿದಳು. ಇವನೇನಾ ನಿನ್ನ ಭಾವ, ಬರೋದಿಲ್ಲ ಅಂದಿದ್ದೆಯಲ್ಲ.

"ಹೂಂ ಕಣವ್ವ, ಅಂದಿದ್ದೆ." ಉಗ್ರಪ್ಪ ಇನ್ನೂ ಏದುಸಿರು ಬಿಡುತ್ತಿದ್ದ. "ಬೆಳಗಿಂದ ಒಂದೇ ಸಮ ಅಳ್ತಿದ್ಲು ಭಾವ. ದಡದ ಮ್ಯಾಗೆ ನಮ್ಮ ಭಾವ ಅವ್ನೆ, ನೀರ್ ನೋಡ್ತಾ ಅವ್ನೆ, ಸುಮ್ಕಿರು ಅಂದೆ. ಈಗ ಬರಲ್ಲ, ನೀರು ಒಸಿ ಇಳಿದ್ಮೇಲೆ ಬತ್ತಾನೆ. ಅವನು ಬಂದ ಅಂದ್ರೆ ನಾವು ಬದುಕಿದ್ವಿ ಅಂತ್ಲೇ ಲೆಕ್ಕ ಅಂತ ಸಮಾಧಾನ ಮಾಡ್ದೆ. ನೀನು ನೋಡಿದ್ರೆ..."

ಕದಿರಪ್ಪ ತಲೆ ಬಗ್ಗಿಸಿ ಕೂತಿದ್ದ. ನೀರು ನೋಡ್ತಾ ಅವ್ನೆ. ಈ ಬಂಡೆಯ ಮೇಲಿಂದ ಆ ದಡದ ಕಡೆ ನೋಡಿದರೆ ಜನ ಇರುವೆಗಳಂತೆ ಕಾಣುತ್ತಿದ್ದರು. ಅವರ ನಡುವೆ ತನ್ನನ್ನು ಇವನು ಗುರುತು ಹಿಡಿದಿದ್ದ. ಸಾವನ್ನು ಎದುರಿಗಿಟ್ಟುಕೊಂಡು ಒಬ್ಬ ಅಪರಿಚಿತ ಮುದುಕಿಗೆ ತನ್ನ ಹೆಸರಿನಲ್ಲಿ ಧೈರ್ಯ ಹೇಳಿದ್ದ. ಅದೇ ಹೊತ್ತಿನಲ್ಲಿ ತಾನು ಅಲ್ಲಿ ನಿಂತು ಮನಸ್ಸಿನಲ್ಲೇ ಕಾಫಿ ಚೆಲ್ಲಿದ ಅಂಗಿಯನ್ನು ಇನ್ನೂ ಒರೆಸಿಕೊಳ್ಳುತ್ತಿದ್ದ. ಅಳು ಬಂದಿದ್ದರೆ ಒಳ್ಳೆಯದಿತ್ತು. ಬಂದದ್ದು ಸಿಟ್ಟು. ಇಷ್ಟು ನಂಬುವವನು ಹೋಟೆಲಿನಲ್ಲಿ ಹಾಗೆ ನಗಿಸುವ ಅಗತ್ಯವೇನಿತ್ತು ಎಂದು ಕೇಳಬೇಕೆನಿಸಿತು. ಕೇಳಿದರೆ ಉಗ್ರಪ್ಪನಿಗೆ ಆ ದಿನವೇ ನೆನಪಿರಲಾರದು ಎಂದೂ ಹೊಳೆಯಿತು.

ಸೂರ್ಯ ಮೇಲೇರಿ ಬಂಡೆ ಕಾಯತೊಡಗಿತು. ಚಿನ್ನಕ್ಕ ಹರಿಗೋಲಿನ ನೀರು ಮೊಗೆದು ಚೆಲ್ಲಿ, ಒಡೆದ ಬಿದಿರಿಗೆ ತನ್ನ ಸೆರಗಿನ ತುಂಡು ಹರಿದು ಸುತ್ತಿದಳು. ಮುದುಕಿ ತನ್ನ ಗಂಟು ಹೋಯಿತು, ಗೋರಂಟ್ಲದ ಮಗಳು ಕೊಟ್ಟ ಹೊಸ ಸೀರೆ ಅದರಲ್ಲಿತ್ತು ಎಂದು ಗೊಣಗುತ್ತಿದ್ದಳು. ಉಗ್ರಪ್ಪ ಬಂಡೆಯ ಅಂಚಿನ ಒಂದು ಬಿರುಕನ್ನೇ ನೋಡುತ್ತಿದ್ದ. ಆ ಬಿರುಕು ಒಣಗಿದ್ದದ್ದು ತೇವವಾಯಿತು, ಆಮೇಲೆ ಅದರೊಳಗೆ ನೀರು ನಾಲಿಗೆ ಹಾಕಿತು.

"ಏರ್ತಾ ಐತೆ" ಎಂದ.

ಹೊಳೆಯ ಬಣ್ಣ ಬದಲಾಗಿತ್ತು. ಕೆಂಪಿನಲ್ಲಿ ಕಪ್ಪು ಬೆರೆತಿತ್ತು. ಕೆರೆಯ ಹೂಳೇ ಇರಬಹುದು, ಮೇಲಿನ ಎರೆಹೊಲದ ಮಣ್ಣೂ ಇರಬಹುದು. ಇಲ್ಲೇ ಕೂತರೆ ನೀರು ಇನ್ನು ಒಂದು ಗೇಣು ಏರಿ ನಿಲ್ಲಲೂಬಹುದು. ಹೊರಟರೆ ಕೆಳಗಿನ ಕಲ್ಲುಗಾಡು. ಅದರಲ್ಲಿ ಯಾರೂ ಯಾವತ್ತೂ ಹರಿಗೋಲು ಬಿಟ್ಟಿರಲಿಲ್ಲ. ಒಣಗಿದಾಗ ಅಲ್ಲಿ ಕುರಿ ಮೇಯಿಸುವವರು ನೆರಳಿಗೆ ಕೂರುತ್ತಿದ್ದರು.

"ಏನ್ ಮಾಡಾಣ ಭಾವ?" ಎಂದ ಉಗ್ರಪ್ಪ. "ನೀನೇಳು. ನೀನೇಳ್ದಂಗೆ."

ಕದಿರಪ್ಪ ಎದ್ದು ಬಂಡೆಯ ತುದಿಗೆ ಹೋಗಿ ಕುಕ್ಕರಿಸಿದ. ಈಗ ಕೆಳಗೆ ನೀರಲ್ಲದೆ ಬೇರೆ ಯಾರೂ ಇರಲಿಲ್ಲ. ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಮುದುಕಿ ಗೊಣಗುವುದನ್ನು ನಿಲ್ಲಿಸಿದಳು. ಕಲ್ಲುಗಳ ನಡುವೆ ಮೂರು ಕಡೆ ನಾಲಿಗೆಗಳಿದ್ದವು. ಎರಡು ಸುಳ್ಳು, ಮುಂದೆ ಹೋಗಿ ಕಲ್ಲಿಗೇ ಹೊಡೆಯುವಂಥವು. ಬಲಗಡೆಯದು ಎಲ್ಲಿ ಮುಗಿಯುತ್ತದೆಂದು ಕಾಣಿಸುತ್ತಿರಲಿಲ್ಲ, ಆದರೆ ಅದರ ಮೇಲೆ ತೇಲಿ ಹೋದ ಒಂದು ಗೋಣಿಚೀಲ ಸ್ವಲ್ಪ ಹೊತ್ತಾದ ಮೇಲೆ ದೂರದಲ್ಲಿ, ಕಲ್ಯಾಣದುರ್ಗದ ಕಡೆಯ ದಡಕ್ಕೆ ಹತ್ತಿರವಾಗಿ, ನೆಟ್ಟಗೆ ತೇಲುತ್ತಿತ್ತು. ಇನ್ನೊಂದು ಚೀಲ ಬರಲೆಂದು ಕಾದ. ಅದೂ ಅಲ್ಲೇ ಬಂತು. ಈಗ ತಲೆಯೊಳಗೆ ಯಾರ ನಗುವೂ ಇರಲಿಲ್ಲ. ಇದು ಸರಿಯೋ ತಪ್ಪೋ ಅವನಿಗೆ ಗೊತ್ತಿರಲಿಲ್ಲ. ತಪ್ಪಾದರೆ ನೀರು ನೋಡಿ ಮಾಡಿದ ತಪ್ಪು ಎಂಬುದಷ್ಟು ಗೊತ್ತಿತ್ತು.

"ಹೋಗಾಣ" ಎಂದ. "ಅಕ್ಕನ ಹುಟ್ಟು ನೀನು ಇಸ್ಕ. ಬಲಗಡೆ ನಾಲಿಗೆ ಹಿಡಿಯಾಣ."

ಉಗ್ರಪ್ಪ ಯಾಕೆ ಎಂದು ಕೇಳಲಿಲ್ಲ. ಮುದುಕಿಯನ್ನು ನಡುವೆ ಕೂರಿಸಿ ಚಿನ್ನಕ್ಕ ಅವಳನ್ನು ಬೆನ್ನಹಿಂದಿನಿಂದ ತಬ್ಬಿ ಹಿಡಿದಳು. ಬಂಡೆಯ ನೆರಳು ಬಿಟ್ಟ ಕೂಡಲೇ ಸೆಳವು ಹರಿಗೋಲನ್ನು ಕಿತ್ತುಕೊಂಡು ಹೊರಟಿತು. ಕಲ್ಲುಗಳು ಎರಡೂ ಕಡೆ ಎದ್ದೆದ್ದು ಬಂದವು. ಕದಿರಪ್ಪ ಎಳೆದಲ್ಲಿ ಉಗ್ರಪ್ಪ ತಡೆದ, ಅವನು ಎಳೆದಲ್ಲಿ ಇವನು ಬಿಟ್ಟ. ಒಂದೇ ಕಡವಿನಲ್ಲಿ ಒಂದೇ ಮುದುಕನ ಕೈಕೆಳಗೆ ಕಲಿತ ತೋಳುಗಳು ಅವರಿಬ್ಬರ ಅಪ್ಪಣೆಗೆ ಕಾಯದೆ ಕೆಲಸ ಮಾಡಿದವು. ನಾಲಿಗೆಯ ಕೊನೆಯಲ್ಲಿ ನೀರು ಆಳುದ್ದ ಕೆಳಗೆ ಬೀಳುತ್ತಿತ್ತು. ಅದು ಬಂಡೆಯಿಂದ ಕಂಡಿರಲಿಲ್ಲ. ಹರಿಗೋಲು ಮುಂದಕ್ಕೆ ಮುಗ್ಗರಿಸಿ ಬಿತ್ತು, ನೊರೆಯಲ್ಲಿ ಮುಳುಗಿತು, ಕದಿರಪ್ಪನಿಗೆ ಕಣ್ಣು ಕಾಣದಾಯಿತು. ಮುದುಕಿ ತನ್ನ ದೇವರನ್ನು "ಓಬುಳೇಸಾ" ಎಂದು ಕರೆಯುವ ಕೂಗು ಮಾತ್ರ ಕೇಳಿಸುತ್ತಿತ್ತು. ಆ ಕೂಗು ಇರುವವರೆಗೂ ನಾವು ಮೇಲಿದ್ದೇವೆ ಎಂದುಕೊಂಡು ಎಳೆಯುತ್ತಲೇ ಇದ್ದ. ಕಣ್ಣು ಬಿಟ್ಟಾಗ ಹರಿಗೋಲು ತುಂಬ ನೀರು, ನೀರಿನಲ್ಲಿ ನಾಲ್ಕು ಜನ, ಸುತ್ತ ಅಗಲವಾಗಿ ಹರಡಿ ಸದ್ದಿಲ್ಲದೆ ಸರಿಯುತ್ತಿದ್ದ ಹೊಳೆ. ದಡದ ಜಾಲಿಮರವೊಂದನ್ನು ಉಗ್ರಪ್ಪ ಹಿಡಿದುಕೊಂಡ. ಮುಳ್ಳು ಅಂಗೈಗೆ ಹೊಕ್ಕಿದ್ದರೂ ಬಿಡಲಿಲ್ಲ.

ಕಲ್ಯಾಣದುರ್ಗದ ಕಡೆಯ ದಡ ಅದು. ಅಲ್ಲಿ ಯಾರೂ ಇರಲಿಲ್ಲ. ಹಿಂದಿರುಗಿ ನೋಡಿದರೆ ಹೊಳೆಯ ತಿರುವು ಎಮ್ಮೆಬಂಡೆಯನ್ನು ಮರೆಮಾಡಿತ್ತು. ಅದು ಮುಳುಗಿತೋ ಇಲ್ಲವೋ, ಅಲ್ಲೇ ಕೂತಿದ್ದರೂ ಉಳಿಯುತ್ತಿದ್ದೆವೋ, ಇಲ್ಲಿಂದ ತಿಳಿಯುವಂತಿರಲಿಲ್ಲ. ಹಳ್ಳಿಯೊಂದರ ಹೊಗೆ ಹೊಲಗಳಾಚೆ ಕಾಣುತ್ತಿತ್ತು. ಹರಿಗೋಲನ್ನು ಬಿಟ್ಟುಹೋಗಲು ಕದಿರಪ್ಪನಿಗೆ ಮನಸ್ಸಾಗಲಿಲ್ಲ. ನೀರು ಸುರಿದು, ಮಗುಚಿ, ಇಬ್ಬರೂ ಅದರಡಿಗೆ ಹೊಕ್ಕು ತಲೆಯ ಮೇಲೆ ಹೊತ್ತರು. ಒಳಗೆ ಕತ್ತಲೆ, ಡಾಂಬರು ಮತ್ತು ಒದ್ದೆ ತೊಗಲಿನ ವಾಸನೆ. ಕದಿರಪ್ಪನಿಗೆ ಕಾಣುತ್ತಿದ್ದದ್ದು ಮುಂದೆ ನಡೆಯುವ ಉಗ್ರಪ್ಪನ ಹಿಮ್ಮಡಿಗಳಷ್ಟೇ. ಒಂದು ಕಾಲಿನಿಂದ ರಕ್ತ ಬರುತ್ತಿತ್ತು.

"ಉಗ್ರ."

"ಹೇಳ್ ಭಾವ."

"ಬೆಳಿಗ್ಗೆ ನಾನು ಆಗಲ್ಲ ಅಂದಿದ್ದೆ."

"ಅಂದಿರ್ತೀಯ ಮತ್ತೆ. ಆ ನೀರಿಗೆ ಯಾರು—"

"ನೀರು ನೋಡಿ ಅಂದದ್ದಲ್ಲ ಕಣ್ಲಾ."

ಹಿಮ್ಮಡಿಗಳು ನಿಂತವು. ಹರಿಗೋಲಿನ ಭಾರ ಒಂದು ಕ್ಷಣ ಕದಿರಪ್ಪನ ತಲೆಯೊಂದರ ಮೇಲೇ ಬಂದಂತಾಯಿತು. ಅವನು ಕಾದ. ಈ ಕತ್ತಲೆಯಲ್ಲಿ ಉಗ್ರಪ್ಪ ತಿರುಗಲಾರ, ಮುಖ ಕಾಣಲಾರದು, ಇಬ್ಬರೂ ಕೈಬಿಟ್ಟರೆ ಹರಿಗೋಲು ಬೀಳುತ್ತದೆ. ಹೊರಗಿನಿಂದ ಚಿನ್ನಕ್ಕನ ದನಿ, ಮುದುಕಿಗೆ ಏನೋ ಹೇಳುತ್ತಿದ್ದದ್ದು, ನಿಂತಿತು.

"ಎತ್ತಿ ಹಿಡಿ ಭಾವ, ಹಿಂದ್ಗಡೆ ಇಳೀತೈತೆ" ಎಂದ ಉಗ್ರಪ್ಪ. ದನಿಯಲ್ಲಿ ಏನಿತ್ತೆಂದು ತೊಗಲಿನ ಆ ಗುಹೆಯಲ್ಲಿ ಗೊತ್ತಾಗಲಿಲ್ಲ. ಕದಿರಪ್ಪ ಎತ್ತಿ ಹಿಡಿದ. ಹಿಮ್ಮಡಿಗಳು ಮತ್ತೆ ನಡೆಯತೊಡಗಿದವು, ಮೊದಲಿಗಿಂತ ನಿಧಾನವಾಗಿ. ಇಬ್ಬರಿಗೂ ದಾರಿ ಕಾಣುತ್ತಿರಲಿಲ್ಲ. ಮುಂದೆ ಎಲ್ಲಿಂದಲೋ ಚಿನ್ನಕ್ಕ, "ಎಡಕ್ಕೆ ಬರ್ರಿ, ಕಲ್ಲೈತೆ. ಇನ್ನೊಸಿ ಎಡಕ್ಕೆ" ಎಂದು ಹೇಳುತ್ತಿದ್ದಳು.